ರಷ್ಯನ್ ಬಲ್ಲ ದುಭಾಷಿಯನ್ನು ಮೈಸೂರಿನಲ್ಲಿ ಹುಡುಕುವ ಬಗೆ



ಸೋವಿಯತ್ ಒಕ್ಕೂಟವು ನಮ್ಮ ಕಾಫಿಗೂ ಮೆಣಸಿಗೂ ದೊಡ್ಡ ಗಿರಾಕಿಯಾಗಿದ್ದ ಕಾಲದಲ್ಲಿ ಬೆಳೆಗಾರನಿಗೆ ರಷ್ಯನ್ ಭಾಷೆಯ ಗೊಡವೆ ಇರಲಿಲ್ಲ. ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿದರೆ ಮುಗಿಯಿತು, ಮಾತುಕತೆ ಬೇರೆಯವರದು. 1991ರಲ್ಲಿ ಒಕ್ಕೂಟ ಒಡೆಯಿತು. 1996ರ ವೇಳೆಗೆ ಪೂಲ್ ಪದ್ಧತಿಯೂ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯದೊಡನೆ ಮಾತನಾಡುವ ಹೊಣೆಯೂ ನಮ್ಮ ಹೆಗಲೇರಿತು. ರಷ್ಯಾ ಇಂದಿಗೂ ನಮ್ಮ ಕಾಫಿಯ ಮುಖ್ಯ ಖರೀದಿದಾರ ದೇಶಗಳಲ್ಲಿ ಒಂದು. ಪೋಲೆಂಡ್ ಸಹ ಕೊಳ್ಳುತ್ತದೆ.

ಎಲ್ಲಿ ವಿಚಾರಿಸಬೇಕು?

ಮಾನಸಗಂಗೋತ್ರಿಯಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಆದರೆ ಅದರ ಕಾರ್ಯಕ್ಷೇತ್ರ ಭಾರತದ ಭಾಷೆಗಳು. ರಷ್ಯಾದಲ್ಲಿ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಓದಿ ಬಂದವರು ನಮ್ಮ ಊರುಗಳಲ್ಲೇ ಇದ್ದಾರೆ. ಮೊದಲು ಅವರನ್ನು ಕೇಳಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿಸುತ್ತಾರೆ. ಅಲ್ಲಿ ಕಲಿತವರು ಬರಹದ ಕೆಲಸವನ್ನು ದೂರದಿಂದಲೇ ಮಾಡಿಕೊಡಬಲ್ಲರು. ಗೋಕುಲಂ ಬಡಾವಣೆಗೆ ಯೋಗ ಕಲಿಯಲು ರಷ್ಯನ್ನರೂ ಬರುತ್ತಾರೆ. ಆದರೆ ಪ್ರವಾಸಿ ವೀಸಾದವರನ್ನು ಸಂಬಳಕ್ಕೆ ಕರೆಯುವಂತಿಲ್ಲ.

ರಷ್ಯನ್ ಬಲ್ಲವರಿಗೆ ಪೋಲಿಷ್ ಬಂದೇ ಬರುತ್ತದೆಂದು ತಿಳಿಯಬಾರದು. ಇವು ಒಂದೇ ಸ್ಲಾವಿಕ್ ಬಳಗದವಾದರೂ ನುಡಿ ಬೇರೆ, ಲಿಪಿ ಬೇರೆ. ಹಾಗೆಯೇ ಬಾಯಿಮಾತಿನ ದುಭಾಷಿಯೆಲ್ಲರೂ ಕರಾರುಪತ್ರ ಬರೆಯಬಲ್ಲರೆಂದಲ್ಲ.

ಪರೀಕ್ಷೆ ಹೇಗೆ?

1. ನಮ್ಮ ಪದಗಳನ್ನು ಕೊಟ್ಟು ನೋಡಿ. ‘ಚೆರಿ’ ಎಂಬುದನ್ನು ರಷ್ಯನ್‌ನಲ್ಲಿ ‘ವಿಶ್ನ್ಯಾ’ ಎಂದಷ್ಟೇ ಬರೆದರೆ ಅದು ತಿನ್ನುವ ಚೆರಿ ಹಣ್ಣಾಗುತ್ತದೆ. ನಾವು ಹೇಳುವುದು ಸಿಪ್ಪೆಸಹಿತ ಒಣಗಿಸಿದ ಕಾಫಿ. ‘ಪಾರ್ಚ್‌ಮೆಂಟ್’ ಎಂಬುದೂ ಅಲ್ಲಿ ಒಂದು ಬಗೆಯ ಕಾಗದದ ಹೆಸರು. ದುಭಾಷಿಯನ್ನು ಒಮ್ಮೆ ಕಣಕ್ಕೆ ಕರೆತಂದು ಪಲ್ಪರಿನಿಂದ ಮೂಟೆಯವರೆಗೆ ತೋರಿಸುವುದು ಲೇಸು.

2. ಅಂಕಿಗಳ ಮೇಲೆ ಕಣ್ಣಿಡಿ. ನಾವು 1,500 ಕಿಲೋ ಎಂದು ಬರೆದರೆ ಐವತ್ತು ಕಿಲೋದ ಮೂವತ್ತು ಮೂಟೆ. ರಷ್ಯನ್ನರು ದಶಮಾಂಶಕ್ಕೆ ಅಲ್ಪವಿರಾಮ ಹಾಕುವವರಾದ್ದರಿಂದ ಅವರ ಕಣ್ಣಿಗೆ ಅದು ಒಂದೂವರೆ ಕಿಲೋ! ತೇವಾಂಶ 11.5 ಎಂಬುದನ್ನು ಅವರು 11,5 ಎಂದು ಬರೆಯುತ್ತಾರೆ. ತೂಕ, ದರ, ತೇವಾಂಶಗಳನ್ನು ಅಕ್ಷರದಲ್ಲೂ ಬರೆಯಿಸುವುದು ಕ್ಷೇಮ.

3. ಅನುವಾದವಾದ ಪುಟವನ್ನು ಮತ್ತೊಬ್ಬರಿಂದ ಇಂಗ್ಲಿಷಿಗೋ ಕನ್ನಡಕ್ಕೋ ಹಿಂದಿರುಗಿಸಿ ತಾಳೆ ನೋಡಿ. ಎರಡು ಭಾಷೆಯ ಕರಾರಾದರೆ, ವ್ಯಾಜ್ಯ ಬಂದಾಗ ಯಾವ ಪ್ರತಿ ಊರ್ಜಿತವೆಂಬುದನ್ನು ಅದರಲ್ಲೇ ನಮೂದಿಸತಕ್ಕದ್ದು.

4. ಸಂಭಾವನೆ ಪುಟಕ್ಕೆಷ್ಟು, ದಿನಕ್ಕೆಷ್ಟು, ಪ್ರಯಾಣದ ಖರ್ಚು ಯಾರದು ಎಂಬುದು ಮೊದಲೇ ಬರಹದಲ್ಲಿರಲಿ. ದುಭಾಷಿಯ ಹಣವನ್ನು ನಾವೇ ಕೊಡಬೇಕು. ಖರೀದಿದಾರ ಕರೆತಂದವನು ಎಷ್ಟೇ ಸಜ್ಜನನಾದರೂ ಅವನಿಗೆ ಸಂಬಳ ಕೊಡುವವರು ಎದುರು ಪಕ್ಷದವರು.

ಐದಾರು ಎಕರೆಯ ಒಬ್ಬ ಬೆಳೆಗಾರನಿಗೆ ಇಷ್ಟು ವೆಚ್ಚ ಭಾರವೇ ಸರಿ. ಹತ್ತು ಮಂದಿ ಒಟ್ಟಾಗಿ ಸರಕು ಕೂಡಿಸಿ, ಒಬ್ಬ ನಂಬಿಕಸ್ತ ದುಭಾಷಿಯನ್ನು ಗೊತ್ತುಮಾಡಿಕೊಂಡರೆ ಹೊರೆ ಹಗುರವಾಗುತ್ತದೆ. ಅಡಿಕೆ ತೋಟದವರ ಮೆಣಸಿಗೂ ಇದೇ ದಾರಿ. ಸಹಕಾರ ಸಂಘ ಇರುವುದು ಇಂಥ ಕೆಲಸಕ್ಕೇ ಅಲ್ಲವೆ?