ಬಿಜ್ಜಳನ ಸಿಂಹಾಸನವೂ ಒಂದು ಟೆಂಟ್ ಸಿನಿಮಾವೂ

ನೆಲಮಂಗಲ ತಾಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಜನಿಸಿದ ಹೊನ್ನಪ್ಪ ಭಾಗವತರನ್ನು ಇಂದಿನ ತಲೆಮಾರು ಮರೆತಂತಿದೆ. ರಂಗಭೂಮಿಯಲ್ಲಿ ಪಳಗಿ, ತಮಿಳು ಚಿತ್ರಗಳಲ್ಲಿಯೂ ಗಾಯಕನಟರಾಗಿ ಕೀರ್ತಿ ಗಳಿಸಿದ ಈ ಮಹನೀಯರೇ 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಅಣ್ಣನವರ ಪಾತ್ರವನ್ನು ಧರಿಸಿದವರು. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶಿಸಿ, ಜಿ.ಕೆ. ವೆಂಕಟೇಶ್ ಸಂಗೀತ ನೀಡಿದ ಈ ಕೃತಿಗೆ ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು.

ಬಿಜ್ಜಳನಾದವರು ರಾಜಕುಮಾರ್. ಐದು ವರ್ಷಗಳ ಹಿಂದೆಯಷ್ಟೇ ‘ಬೇಡರ ಕಣ್ಣಪ್ಪ’ನಾಗಿ, ಶಾಸ್ತ್ರವರಿಯದ ಮುಗ್ಧ ಭಕ್ತಿಗೆ ರೂಪು ಕೊಟ್ಟಿದ್ದ ಅದೇ ನಟ ಇಲ್ಲಿ ಸಿಂಹಾಸನದ ಮೇಲೆ ಕುಳಿತಿದ್ದಾರೆ. ನಮ್ಮ ಮಟ್ಟಿಗೆ ಚಿತ್ರದ ಸತ್ವವಿರುವುದು ಇಲ್ಲಿಯೇ. ಬಿಜ್ಜಳನನ್ನು ಕೇವಲ ದುಷ್ಟನೆಂದು ತಳ್ಳಿಹಾಕುವುದು ಸುಲಭ. ಪುರಾಣ ಪ್ರವಚನಗಳಲ್ಲಿ ನಾವೂ ಹಾಗೆಯೇ ಮಾಡಿದ್ದುಂಟು. ಆದರೆ ಇತಿಹಾಸ ಬೇರೊಂದು ಮಾತನ್ನು ಹೇಳುತ್ತದೆ. ಕಳಚುರಿ ವಂಶದ ಬಿಜ್ಜಳ ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕನಾಗಿದ್ದು, ಒಡೆಯನ ವಿರುದ್ಧವೇ ತಿರುಗಿಬಿದ್ದು ಪಟ್ಟವೇರಿದವನು. ಒಂದು ಕಾಲದ ಬಂಡಾಯಗಾರನೇ ಪೀಠವೇರಿದ ಮೇಲೆ ಇನ್ನೊಬ್ಬರ ಬಂಡಾಯವನ್ನು ಸಹಿಸಲಾರದಾದನು. ಅಣ್ಣನವರಾದರೋ ಅರಮನೆಯ ಹೊರಗೆ ನಿಂತು ಕೂಗಿದವರಲ್ಲ. ಅದೇ ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು. ಹರಳಯ್ಯ, ಮಧುವರಸರ ಮನೆಗಳ ನಡುವೆ ನಡೆದ ವಿವಾಹ ಈ ಇಬ್ಬರ ಸಂಬಂಧವನ್ನೇ ಕಡಿದುಹಾಕಿತು. ಶರಣರಿಗೆ ಎಳೆಹೂಟೆಯ ಶಿಕ್ಷೆ, ಅಣ್ಣನವರ ಕೂಡಲಸಂಗಮ ಪ್ರಯಾಣ, ಅರಸನ ಕೊಲೆ. ಕಲ್ಯಾಣ ಬರಿದಾದ ಆ ಕಥೆ ಪ್ರತಿ ಮನೆಯಲ್ಲೂ ತಿಳಿದದ್ದೇ.

ಈ ಚಿತ್ರವನ್ನು ನಾವು ಕಂಡದ್ದು 1970ರ ದಶಕದ ಆರಂಭದಲ್ಲಿ, ನೆಲಮಂಗಲದ ಹೊರವಲಯದ ಒಂದು ಟೆಂಟಿನಲ್ಲಿ, ನೆಲದ ಟಿಕೆಟಿನಲ್ಲಿ. ಆಗ ನಾವು ಒಂದು ಮಠದ ವಿದ್ಯಾರ್ಥಿನಿಲಯದಲ್ಲಿದ್ದೆವು. ಅಲ್ಲಿ ಸಿನಿಮಾ ನಿಷಿದ್ಧ. ಸಂಜೆಯ ಪ್ರಾರ್ಥನೆ ತಪ್ಪಿಸಿ, ಇಬ್ಬರು ಸಹಪಾಠಿಗಳೊಡನೆ ಬೇಲಿ ಹಾರಿದೆವು. ಮರಳನ್ನು ಗುಡ್ಡೆ ಮಾಡಿಕೊಂಡು ಕುಳಿತು, ರೀಲು ಬದಲಾಯಿಸುವಾಗಲೆಲ್ಲ ಕತ್ತಲಲ್ಲಿ ಕಳ್ಳೆಕಾಯಿ ತಿಂದದ್ದು ನೆನಪಿದೆ. ಬೆಳಗಿನ ಜಾವ ಸಿಕ್ಕಿಬಿದ್ದೆವು.

“ಬಸವಣ್ಣನವರ ಕಥೆ ನೋಡಲು ಹೋಗಿದ್ದೆವು ಬುದ್ಧಿ” ಎಂದು ವಿನಂತಿಸಿಕೊಂಡೆವು. “ಯಾರ ಕಥೆಯಾದರೇನು, ಅಪ್ಪಣೆ ಇತ್ತೇ?” ಎಂದರು ಮೇಲ್ವಿಚಾರಕರು. ಹದಿನೈದು ದಿನ ಪೂಜೆಯ ನೀರು ಸೇದುವ ಶಿಕ್ಷೆಯಾಯಿತು. ಅನ್ನವಿಟ್ಟು ಅಕ್ಷರ ಕಲಿಸಿದ ಮನೆಯದು, ದೂರುವ ಮನಸ್ಸಿಲ್ಲ. ಆದರೂ ಹಗ್ಗ ಎಳೆಯುತ್ತಿದ್ದಾಗ ಒಂದು ಪ್ರಶ್ನೆ ಹುಟ್ಟಿತು, ಇನ್ನೂ ಅಡಗಿಲ್ಲ: ಉಪನಯನವನ್ನೊಲ್ಲದೆ ಮನೆ ತೊರೆದವರ ಹೆಸರಿನಲ್ಲಿ ಕಟ್ಟಿದ ಮನೆಗಳಲ್ಲಿ, ಒಲ್ಲೆನೆನ್ನುವ ಮಗುವಿಗೆ ಎಲ್ಲಿ ಸ್ಥಳ?

ಬಹಳ ವರ್ಷಗಳ ತರುವಾಯ ಅಂಥದೇ ಒಂದು ನಿಲಯದ ಹೊಣೆ ನಮ್ಮ ಪಾಲಿಗೆ ಬಂತು. ಪರೀಕ್ಷೆ ಸಮೀಪಿಸಿತ್ತು. ದೊಡ್ಡಬಳ್ಳಾಪುರದ ಕಡೆಯ ಹುಡುಗನೊಬ್ಬ ಬಂದು, ಊರ ಜಾತ್ರೆಯಲ್ಲಿ ಕಲ್ಯಾಣದ ಕಥೆಯ ನಾಟಕವಿದೆ, ಹೋಗಿಬರಲೇ ಎಂದು ಕೇಳಿದನು. ಅಪ್ಪಣೆ ಇಲ್ಲವೆಂದೆವು. ಅವನು ಕೈಮುಗಿದು ಹೊರಟುಹೋದನು. ಆ ರಾತ್ರಿ ಎರಡು ಬಾರಿ ಎದ್ದು ಅವನ ಹಾಸಿಗೆಯತ್ತ ನೋಡಿದೆವು. ಬೇಲಿ ಹಾರಿರಲಿಲ್ಲ, ಗೋಡೆಯತ್ತ ಮುಖ ಮಾಡಿ ಮಲಗಿದ್ದನು.