ಎರೆಮಣ್ಣಿನ ಧೂಳು, ಊರಮನೆಯ ಕಂಪ್ಯೂಟರ್

ಹುನಗುಂದ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಗಾಳಿಗೆ ಏಳುತ್ತದೆ. ನಮ್ಮ ರಾಮಥಾಳದಲ್ಲಿ ಬೆಳಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಅದೇ ಧೂಳು ಟೇಬಲ್ ಕೆಳಗಿನ ಸಿಪಿಯು ಡಬ್ಬಿಯ ಒಳಗೂ ಹೋಗಿ ಕೂತಿರುತ್ತದೆ. ಅಲ್ಲಿ ಅದನ್ನು ಒರೆಸುವವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಬಹಳ ಮಂದಿಯ ಸ್ಥಿತಿ ಒಂದೇ. ನೌಕರಿ ಬೆಂಗಳೂರು, ಪುಣೆಯಲ್ಲಿ. ಹಳೇ ಡೆಸ್ಕ್‌ಟಾಪ್ ಊರಲ್ಲಿ. ಕೈಯಲ್ಲಿರುವ ಮೊಬೈಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಊರಿನ ಕಂಪ್ಯೂಟರನ್ನು ಮಾತ್ರ ಅದು ಸಾಯುವವರೆಗೂ ಮುಟ್ಟುವುದಿಲ್ಲ. ಆದರೆ ತಂಗಿಯ ಪರೀಕ್ಷೆ ಅರ್ಜಿ, ಅಪ್ಪನ ಪಹಣಿ ಸ್ಕ್ಯಾನು, ಮದುವೆ ಫೋಟೋ ಎಲ್ಲಾ ಇರುವುದು ಅದರಲ್ಲೇ.

ರಾಮಥಾಳದ ಹೆಸರು ಹೊರಗಿನವರಿಗೆ ಗೊತ್ತಿರುವುದು ಹನಿ ನೀರಾವರಿಯಿಂದ. ಸುಮಾರು 24 ಸಾವಿರ ಹೆಕ್ಟೇರಿಗೆ ಕೃಷ್ಣೆಯ ನೀರನ್ನು ಪೈಪಿನಲ್ಲಿ ಕೊಡಲೆಂದು ರೂಪಿಸಿದ ದೊಡ್ಡ ಯೋಜನೆ ಅದು. ಡ್ರಿಪ್ ಇರುವ ಯಾವ ರೈತನನ್ನು ಕೇಳಿದರೂ ಒಂದು ಮಾತು ಹೇಳುತ್ತಾನೆ: ಫಿಲ್ಟರ್ ತೊಳೆಯದಿದ್ದರೆ ಹನಿ ಬೀಳಲ್ಲ. ಕಂಪ್ಯೂಟರಿಗೂ ಇದಕ್ಕಿಂತ ದೊಡ್ಡ ಶಾಸ್ತ್ರ ಬೇಕಿಲ್ಲ.

ಮೊದಲು ನಕಲು, ಆಮೇಲೆ ರಿಪೇರಿ

ಕಳೆದ ವರ್ಷ ತಂಗಿ ಫೋನ್ ಮಾಡಿದಳು. "ಅಣ್ಣಾ, ಚಾಲೂ ಮಾಡಿ ಚಹಾ ಕುಡದು ಬಂದ್ರೂ ಗಿರಗಿರ ತಿರಗಾಕ ಹತ್ತಿರ್ತೈತಿ. ಅಂಗಡಿಯವ್ರು ಫಾರ್ಮ್ಯಾಟ್ ಹೊಡದ್ರ ಹೊಸಾದಾಗತೈತಿ ಅಂತಾರ. ಹೊಡಸ್ಲಿ?"

"ಆಯಿ ಹಾಡು ಎಲ್ಲೆದಾವ?" ಅಂದೆ.

"ಅದರಾಗs ಅದಾವ."

"ಮತ್ತೆಲ್ಲೆರ ಅದಾವು?"

ಆಕೆ ಸುಮ್ಮನಾದಳು.

ನಮ್ಮ ಆಯಿ ಬೀಸುವ ಕಲ್ಲಿನ ಪದ ಹಾಡುತ್ತಿದ್ದಳು. ತಂಗಿ ಅವನ್ನು 2018ರಲ್ಲಿ ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದ್ದಳು. ಒಟ್ಟು 26 ಹಾಡು. ಆ ಮೊಬೈಲ್ ಈಗಿಲ್ಲ. ಆಯಿಯೂ ಇಲ್ಲ.

ಫಾರ್ಮ್ಯಾಟ್ ಬೇಡ ಅಂದೆ. ಊರಿಗೆ ಹೋದಾಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆ. ಹಾರ್ಡ್ ಡಿಸ್ಕಿನ ಆರೋಗ್ಯವನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರಿಕೆ, ಕೆಂಪಾದರೆ ಕೆಟ್ಟಿದೆ ಅಂತ. ನಮ್ಮದು ಹಳದಿ. ಹಳದಿ ಬಂದಾಗ ಮಾಡುವ ಕೆಲಸ ಒಂದೇ: ಬೇರೆ ಏನನ್ನೂ ಮುಟ್ಟದೆ, ಬೇಕಾದ ಕಡತಗಳನ್ನು ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡುವುದು. ಆ ಹೊತ್ತಿನಲ್ಲಿ ಡಿಫ್ರಾಗ್ ಮಾಡುವುದು, ಹೊಸ ತಂತ್ರಾಂಶ ತುಂಬುವುದು ಸೋತ ಎತ್ತಿಗೆ ಇನ್ನೊಂದು ಮೂಟೆ ಹೇರಿದ ಹಾಗೆ.

25 ಹಾಡು ಬಂದವು. ಒಂದು ಬರಲಿಲ್ಲ; ಎರಡು ದಿನ ಪ್ರಯತ್ನಿಸಿದರೂ ಅರ್ಧಕ್ಕೆ ನಿಂತಿತು. ಹಳೇ ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರೇನೋ ಕುದುರೆಯಂತಾಯಿತು. ಆ ಒಂದು ಹಾಡಿನ ಸಾಲುಗಳನ್ನು ಅವ್ವ ನೆನಪಿದ್ದಷ್ಟು ಹೇಳಿ ತಂಗಿಯಿಂದ ಬರೆಸಿದ್ದಾಳೆ. ದನಿ ಮಾತ್ರ ಹೋಯಿತು.

ಆದ್ದರಿಂದ ಮೂರು-ಎರಡು-ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಬೇಕಾದ ಕಡತದ ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡಿನಲ್ಲೊಂದು ಇದ್ದರೆ ಸಾಕು. ಪೆನ್‌ಡ್ರೈವ್ ಸಾಗಿಸುವುದಕ್ಕೆ ಸರಿ, ಕಾಪಾಡಿಡುವುದಕ್ಕಲ್ಲ.

ಧೂಳು ತೆಗೆಯುವ ಕ್ರಮ

ಪ್ರೊಸೆಸರ್ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಊರಲ್ಲಿ, ಧೂಳು ಕಟ್ಟಿದ ಫ್ಯಾನ್ ಇಟ್ಟುಕೊಂಡರೆ "ಮಧ್ಯಾಹ್ನ ಸ್ಲೋ ಆಗತೈತಿ" ಅನ್ನುವುದು ಸಹಜ.

ಮೊದಲು ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ; ಒಳಗೆ ಉಳಿದ ವಿದ್ಯುತ್ ಇಳಿಯುತ್ತದೆ. ಡಬ್ಬಿಯನ್ನು ಕಟ್ಟೆಯ ಮೇಲೆ ತಂದು ಪಕ್ಕದ ಮುಚ್ಚಳ ಬಿಚ್ಚಿ. ಮೆತ್ತಗಿನ ಒಣ ಬ್ರಷ್, ಕೈಯಿಂದ ಒತ್ತುವ ಗಾಳಿಯ ಬ್ಲೋವರ್ ಸಾಕು. ಗಾಳಿ ಬಿಡುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿರಿ, ಅದು ಭರ್ರನೆ ತಿರುಗಬಾರದು. ಪಂಕ್ಚರ್ ಅಂಗಡಿಯ ಗಾಳಿ ಬೇಡ: ಒತ್ತಡ ಹೆಚ್ಚು, ಜೊತೆಗೆ ನೀರಿನ ಹನಿಯೂ ಬರುತ್ತದೆ. ಹಸಿ ಬಟ್ಟೆಯಂತೂ ಬೇಡವೇ ಬೇಡ.

ಲ್ಯಾಪ್‌ಟಾಪ್ ಇದ್ದವರು ಅದನ್ನು ಕೌದಿಯ ಮೇಲೆ ಇಟ್ಟು ಕೆಲಸ ಮಾಡಬೇಡಿ. ಕೆಳಗಿನ ಗಾಳಿಕಂಡಿ ಮುಚ್ಚುತ್ತದೆ. ಅಡಿಗೆ ಒಂದು ಮಣೆ ಇಟ್ಟರೂ ನಡೆಯುತ್ತದೆ.

ಕರೆಂಟು, ಸಿಡಿಲು, ಗಡಿಯಾರ

ಪಂಪ್‌ಸೆಟ್ಟುಗಳು ಒಮ್ಮೆಲೇ ಚಾಲೂ ಆದಾಗ ಮನೆಯ ಬಲ್ಬು ಮಂಕಾಗುವುದನ್ನು ನೋಡಿರುತ್ತೀರಿ. ಕಂಪ್ಯೂಟರಿಗೂ ಅದೇ ಏಟು. ಸಣ್ಣದೊಂದು ಯುಪಿಎಸ್ ಇದ್ದರೆ ಕಡತ ಉಳಿಸಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಅದರ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೋಲುತ್ತದೆ. ತಿಂಗಳಿಗೊಮ್ಮೆ ಕೆಲಸವನ್ನೆಲ್ಲ ಉಳಿಸಿ, ಯುಪಿಎಸ್ ಪ್ಲಗ್ ತೆಗೆದು ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ವೈರಿಂಗ್ ಮಾಡುವವರಿಂದ ಒಮ್ಮೆ ತೋರಿಸಿಕೊಳ್ಳಿ. ಗುಡುಗು-ಸಿಡಿಲಿನ ದಿನಗಳಲ್ಲಿ ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ ಕಿತ್ತಿಡಿ.

ಪ್ರತಿಸಲ ಚಾಲೂ ಮಾಡಿದಾಗ ತಾರೀಖು ತಪ್ಪು ತೋರಿಸುತ್ತಿದೆಯೇ? ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿರಬೇಕು. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032. ತಾರೀಖು ತಪ್ಪಿದ್ದರೆ ಬ್ಯಾಂಕು, ಅರ್ಜಿಯ ಜಾಲತಾಣಗಳು "ಸುರಕ್ಷಿತವಲ್ಲ" ಎಂದು ತೆರೆಯದೇ ಹೋಗಬಹುದು. ಇಡೀ ಕಂಪ್ಯೂಟರ್ ಕೆಟ್ಟಿತು ಅಂದುಕೊಳ್ಳುವ ಮೊದಲು ಈ ಪುಟ್ಟ ಬ್ಯಾಟರಿ ಬದಲಿಸಿ.

ಸ್ಲೋ ಯಾಕೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಭಾಗದಲ್ಲಿ ಕರೆಯದೆ ಬಂದು ಕೂತವರ ಪಟ್ಟಿ ಇರುತ್ತದೆ. ಬೇಡದ್ದನ್ನು ಡಿಸೇಬಲ್ ಮಾಡಿ. ಇನ್ನೊಂದು ವಿಷಯ: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ನಿಲ್ಲಿಸಿದಂತಲ್ಲ. ವಾರಕ್ಕೊಮ್ಮೆ ರಿಸ್ಟಾರ್ಟ್ ಕೊಡಿ. ಡಿಸ್ಕಿನಲ್ಲಿ ಐದರಲ್ಲಿ ಒಂದು ಪಾಲು ಖಾಲಿ ಇರಲಿ. ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಕಿಲ್ಲ. ಅದಕ್ಕೆ ಬೇಕಾದ್ದನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ಎರಡೆರಡು ಆಂಟಿವೈರಸ್ ಬೇಡ, ಒಳಗೇ ಇರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಆದರೆ ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ಊರಿಂದೂರಿಗೆ ವೈರಸ್ ಹೊತ್ತು ತರುವುದು ಬಹಳ ಸಲ ಅದೇ.

ವಿಂಡೋಸ್ 10, ನುಡಿ ಕಡತ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ನಡೆಯುತ್ತದೆ, ಆದರೆ ಹೊಸ ತೂತುಗಳಿಗೆ ಸಾಮಾನ್ಯವಾಗಿ ತೇಪೆ ಬೀಳುವುದಿಲ್ಲ. 2016ರ ಸುಮಾರಿಗೆ ಕೊಂಡ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಅದಕ್ಕೆ ಟಿಪಿಎಂ 2.0 ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಂತ ಗುಜರಿಗೆ ಹಾಕಬೇಕಿಲ್ಲ. ಬ್ರೌಸರ್, ಅರ್ಜಿ, ವಿಡಿಯೋ ಇಷ್ಟೇ ಕೆಲಸವಿದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಉಚಿತ. ಕಗಪ ಕೀಲಿಮಣೆಯೂ ಅದರಲ್ಲಿದೆ.

ಆದರೆ ಬದಲಿಸುವ ಮೊದಲು ಹಳೇ ಕನ್ನಡ ಕಡತಗಳನ್ನು ನೋಡಿ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಮುಂದುವರಿಯಿರಿ.

ಅಮಾಸಿ ಲೆಕ್ಕ

"ಪ್ರತಿ ತಿಂಗಳು ಮಾಡು" ಅಂದರೆ ಯಾರೂ ಮಾಡುವುದಿಲ್ಲ. ನಮ್ಮ ಕಡೆ ಅಮಾಸಿಗೆ ಅಂಗಡಿ, ಗಾಡಿಗೆ ಪೂಜೆ ಮಾಡುವ ರೂಢಿ ಇದ್ದೇ ಇದೆ. ನಮ್ಮ ಮನೆಯಲ್ಲಿ ಅಮಾಸಿಗೊಮ್ಮೆ ನಕಲು, ಅಪ್‌ಡೇಟ್, ಯುಪಿಎಸ್ ಪರೀಕ್ಷೆ. ಯುಗಾದಿಗೂ ಖಂಡೇಪೂಜೆಗೂ ಮುಂಚೆ ಡಬ್ಬಿ ಬಿಚ್ಚಿ ಧೂಳು ತೆಗೆಯುವುದು. ಕುಂಕುಮ ಹಚ್ಚುವವರು ಮುಚ್ಚಳದ ಮೇಲೆ ಹಚ್ಚಿ, ಗಾಳಿಕಂಡಿಗೆ ಬೇಡ!

ನೀವು ದೂರದ ಊರಲ್ಲಿದ್ದರೆ ಮುಂದಿನ ಅಮಾಸಿಗೆ ಮನೆಗೆ ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳಿ: "ಆ ಕಂಪ್ಯೂಟರ್‌ನ್ಯಾಗ ಇರೋದು ಮತ್ತೆಲ್ಲೆರ ಐತೇನು?" ಉತ್ತರ "ಇಲ್ಲ" ಅಂತಾದರೆ, ಉಳಿದ ಎಲ್ಲ ಸಲಹೆ ಪಕ್ಕಕ್ಕಿಟ್ಟು ಮೊದಲು ನಕಲು ಮಾಡಿಸಿ.