ಎಲ್ಲರ ರಕ್ತದಲ್ಲೂ ಇದ್ದ ಸೀಸ

1940ರ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹ್ಯಾರಿಸನ್ ಬ್ರೌನ್ ತಮ್ಮ ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಂಚಿಕೊಟ್ಟರು. ಗ್ರಾನೈಟ್ ಕಲ್ಲಿನೊಳಗಿನ ಪುಟ್ಟ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟಿದೆ ಎಂದು ಜಾರ್ಜ್ ಟಿಲ್ಟನ್ ಅಳೆಯಬೇಕು, ಅದೇ ಹರಳುಗಳಲ್ಲಿ ಸೀಸ ಎಷ್ಟಿದೆ ಎಂದು ಕ್ಲೇರ್ ಪ್ಯಾಟರ್ಸನ್ ಅಳೆಯಬೇಕು. ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸವಾಗುತ್ತದೆ. ಎರಡರ ಪ್ರಮಾಣ ಸಿಕ್ಕರೆ ಕಲ್ಲಿನ ವಯಸ್ಸು ಸಿಕ್ಕಂತೆ. ಮೊದಲಿಗೆ ವಯಸ್ಸು ಗೊತ್ತಿದ್ದ ಕಲ್ಲನ್ನೇ ಪರೀಕ್ಷೆಗೆ ತೆಗೆದುಕೊಂಡರು. ಟಿಲ್ಟನ್ ಲೆಕ್ಕ ಸರಿಬಂತು. ಪ್ಯಾಟರ್ಸನ್ ಲೆಕ್ಕ ಬರಲಿಲ್ಲ. ಹರಳಿನಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ ಕಾಣಿಸುತ್ತಿತ್ತು.

ಆ ಹೆಚ್ಚಿನ ಸೀಸ ಕಲ್ಲಿನದಲ್ಲ ಎಂದು ಅವರಿಗೆ ಬೇಗ ಹೊಳೆಯಿತು. ಅದು ಪ್ರಯೋಗಾಲಯದ್ದು. ನಲ್ಲಿ ನೀರಿನಲ್ಲಿ ಸೀಸ, ಗಾಜಿನ ಪಾತ್ರೆಯಲ್ಲಿ ಸೀಸ, ಗೋಡೆಯ ಬಣ್ಣದಲ್ಲಿ, ಕೊಳವೆಯ ಬೆಸುಗೆಯಲ್ಲಿ, ಗಾಳಿಯ ಧೂಳಿನಲ್ಲಿ, ಕಡೆಗೆ ತಮ್ಮ ಚರ್ಮ ಮತ್ತು ಕೂದಲಿನಲ್ಲೂ ಸೀಸ. ಪ್ಯಾಟರ್ಸನ್ ತೊಳೆಯಲು ಶುರುಮಾಡಿದರು. ಪಾತ್ರೆಗಳನ್ನು ಆಮ್ಲದಲ್ಲಿ ನೆನೆಹಾಕಿದರು, ಬಳಸುವ ರಾಸಾಯನಿಕಗಳನ್ನೆಲ್ಲ ತಾವೇ ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡಿಕೊಂಡರು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಗೆ ಹೋದ ಮೇಲೆ, ಸೋಸಿದ ಗಾಳಿ ಒಳಗಿನಿಂದ ಹೊರಕ್ಕೆ ಮಾತ್ರ ಹರಿಯುವಂಥ ಕೋಣೆ ಕಟ್ಟಿಸಿದರು. ಈ ವರ್ಷಗಟ್ಟಲೆಯ ತೊಳೆಯುವ ಕೆಲಸವೇ ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆ. ಭೂಮಿಯ ವಯಸ್ಸು ಅದರ ಮೊದಲ ಫಲ. ಕ್ಯಾನಿಯನ್ ಡಯಾಬ್ಲೋ ಉಲ್ಕಾಶಿಲೆಯ ಸೀಸ ಅಳೆದು, 455 ಕೋಟಿ ವರ್ಷ ಎಂದು ಅವರು 1956ರಲ್ಲಿ ಪ್ರಕಟಿಸಿದ ಅಂಕಿ ಇಂದಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ.

ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ತಮ್ಮ ಕೆಲಸಕ್ಕೆ ಅಷ್ಟು ಕಾಲ ಅಡ್ಡಬಂದ ಈ ಸೀಸ ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆಯನ್ನು ಪ್ಯಾಟರ್ಸನ್ ಬಿಡಲಿಲ್ಲ. ಸಮುದ್ರದ ನೀರನ್ನು ಬೇರೆ ಬೇರೆ ಆಳದಿಂದ ಎತ್ತಿ ನೋಡಿದರು. ತಳದ ನೀರಿನಲ್ಲಿ ಸೀಸ ಕಡಿಮೆ, ಮೇಲ್ಪದರದಲ್ಲಿ ಹಲವು ಪಟ್ಟು ಹೆಚ್ಚು. ತಳದ ನೀರು ಮೇಲಿನದರೊಡನೆ ಬೆರೆಯಲು ನೂರಾರು ವರ್ಷ ಬೇಕು. ಹಾಗಾದರೆ ಮೇಲಿನ ಸೀಸ ಇತ್ತೀಚೆಗೆ ಬಿದ್ದದ್ದು. ಗ್ರೀನ್‌ಲ್ಯಾಂಡಿನ ಹಿಮವನ್ನು ಪದರಪದರವಾಗಿ ಕೊರೆದು ತಂದಾಗ ಕಾಲದ ಲೆಕ್ಕವೂ ಸಿಕ್ಕಿತು. ಕೈಗಾರಿಕಾ ಕ್ರಾಂತಿಯ ನಂತರ ಸೀಸ ಏರುತ್ತ ಬಂದಿತ್ತು, 1940ರ ಈಚೆಗೆ ಏರಿಕೆ ಕಡಿದಾಗಿತ್ತು. ಮೂಲ ಯಾವುದೆಂದು ಹುಡುಕುತ್ತ ಹೋಗಬೇಕಿರಲಿಲ್ಲ. ಎಂಜಿನ್ ಬಡಿತ ತಪ್ಪಿಸಲೆಂದು 1923ರಿಂದ ಅಮೆರಿಕದಲ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿ ಮಾರುತ್ತಿದ್ದರು. ಅದು ಪ್ರತಿ ವಾಹನದ ಹೊಗೆಯಲ್ಲೂ ಹೊರಬರುತ್ತಿತ್ತು.

ಅಳತೆಗಿಂತ ಅದಕ್ಕೆ ಅರ್ಥ ಹೇಳುವುದು ಕಷ್ಟವಾಯಿತು. ಆ ಅರ್ಥವನ್ನು ಆಗಲೇ ಒಬ್ಬರು ಹೇಳಿಬಿಟ್ಟಿದ್ದರು. ಸಿನ್ಸಿನಾಟಿಯ ರಾಬರ್ಟ್ ಕೀಹೋ ವೈದ್ಯರು; ಸೀಸದ ಪೆಟ್ರೋಲ್ ಉದ್ಯಮದ ವೈದ್ಯಕೀಯ ಸಲಹೆಗಾರರು. ಸೀಸದ ನಡುವೆ ದುಡಿಯುವ ಕಾರ್ಮಿಕರನ್ನೂ, ಸೀಸದ ಸಂಪರ್ಕವಿಲ್ಲ ಎಂದುಕೊಂಡ ಜನರನ್ನೂ ಅವರು ಪರೀಕ್ಷಿಸಿದ್ದರು. ಮೆಕ್ಸಿಕೋದ ಹಳ್ಳಿಯವರೆಗೂ ಹೋಗಿಬಂದಿದ್ದರು. ಎಲ್ಲರ ಮೈಯಲ್ಲೂ ಸೀಸ ಸಿಕ್ಕಿತು. ಆದ್ದರಿಂದ ಸೀಸ ದೇಹಕ್ಕೆ ಸಹಜ, ರಕ್ತದ ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 80 ಮೈಕ್ರೋಗ್ರಾಂ ಮುಟ್ಟುವ ತನಕ ಭಯವಿಲ್ಲ ಎಂದು ಅವರು ತೀರ್ಮಾನಿಸಿದರು. ದಶಕಗಳ ಕಾಲ ಇದೇ ಶಾಸ್ತ್ರವಾಗಿತ್ತು. ಆದರೆ ಆ ಹಳ್ಳಿಯವರು ಉಣ್ಣುತ್ತಿದ್ದ ಮಣ್ಣಿನ ಪಾತ್ರೆಗಳ ಮೆರುಗಿನಲ್ಲೂ ಸೀಸವಿತ್ತು. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಕೊಳೆ ಅಂಟಿದ್ದರೆ ಕೊಳೆಯ ತೂಕ ಎಂದೂ ಕಾಣುವುದಿಲ್ಲ.

1965ರಲ್ಲಿ ಪ್ಯಾಟರ್ಸನ್ ಇದನ್ನೇ ಎತ್ತಿ ಬರೆದರು. ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಅದು ಇರಬೇಕಾದ್ದೇ ಎಂದಾಗುವುದಿಲ್ಲ. ಅಮೆರಿಕನ್ನರ ಮೈಯಲ್ಲಿರುವ ಸೀಸ ಸಹಜ ಮಟ್ಟಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಎಂದು ವಾದಿಸಿದರು. ಕಲ್ಲು ಅಳೆಯುವವರಿಗೆ ವೈದ್ಯಕೀಯದ ಉಸಾಬರಿ ಏಕೆ ಎಂದು ವೈದ್ಯ ವಲಯ ಕೆರಳಿತು. ತೈಲೋದ್ಯಮದಿಂದ ಬರುತ್ತಿದ್ದ ಹಣ ನಿಂತಿತು. 1971ರಲ್ಲಿ ವಾತಾವರಣದ ಸೀಸದ ಬಗ್ಗೆ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ರಚಿಸಿದ ಸಮಿತಿಯಲ್ಲಿ, ಆ ವಿಷಯವನ್ನು ಎಲ್ಲರಿಗಿಂತ ಬಲ್ಲ ಅವರಿಗೇ ಜಾಗ ಸಿಗಲಿಲ್ಲ. ಇದು ಅನ್ಯಾಯ. ಅವರು ಅಳೆಯುವುದನ್ನು ಮುಂದುವರಿಸಿದರು. 1979ರಲ್ಲಿ ಸಹೋದ್ಯೋಗಿಗಳೊಡನೆ ಪೆರು ದೇಶದ ಪ್ರಾಚೀನರ ಮೂಳೆಗಳನ್ನು ಪರೀಕ್ಷಿಸಿ, ಇಂದಿನವರ ಮೂಳೆಯಲ್ಲಿ ಅದರ ನೂರಾರು ಪಟ್ಟು ಸೀಸ ಕೂತಿದೆ ಎಂದು ತೋರಿಸಿದರು. ಸೀಸವಿಲ್ಲದ ಮನುಷ್ಯರನ್ನು ನೋಡಲು ಅಷ್ಟು ಹಿಂದಕ್ಕೆ ಹೋಗಬೇಕಾಯಿತು.

ಅಷ್ಟು ಸೀಸದಿಂದ ಆಗುವ ಕೇಡೇನು? ಇದಕ್ಕೆ ಉತ್ತರ ಹುಡುಕಿದವರು ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು. ರಕ್ತದ ಸೀಸ ಕಳೆದ ಕೆಲವು ವಾರಗಳ ಕತೆಯನ್ನಷ್ಟೇ ಹೇಳುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಗೂ ಹಲ್ಲಿಗೂ ಸೇರಿಸಿಕೊಳ್ಳುವುದರಿಂದ ವರ್ಷಗಳ ದಾಖಲೆ ಅಲ್ಲಿರುತ್ತದೆ. ಹಾಲುಹಲ್ಲು ಹೇಗೂ ಬೀಳುತ್ತದೆ. ಮಗುವಿಗೆ ಸೂಜಿ ಚುಚ್ಚಬೇಕಿಲ್ಲ. ಬಾಸ್ಟನ್ ಬಳಿಯ ಚೆಲ್ಸಿ ಮತ್ತು ಸಾಮರ್‌ವಿಲ್‌ಗಳ ಎರಡು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಹಾಲುಹಲ್ಲು ಕೂಡಿಸಿದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದಿದ್ದರು. ಯಾರ ಹಲ್ಲಿನಲ್ಲಿ ಎಷ್ಟಿದೆ ಎಂದು ತಿಳಿಯದ ಶಿಕ್ಷಕಿಯರು ಗಮನ ನಿಲ್ಲದ ಮಕ್ಕಳೆಂದು ಗುರುತಿಸಿದ್ದವರ ಪ್ರಮಾಣ ಸೀಸದ ಜೊತೆ ಜೊತೆಗೇ ಏರುತ್ತಿತ್ತು. ಯಾವ ಮಗುವೂ ನೋಡಲು ಕಾಯಿಲೆ ಬಿದ್ದಂತಿರಲಿಲ್ಲ. 1979ರಲ್ಲಿ ಬಂದ ಈ ಅಧ್ಯಯನದ ಮೇಲೂ ಉದ್ಯಮದ ಕಡೆಯವರು ದಾಳಿ ಮಾಡಿದರು. ನೀಡಲ್‌ಮನ್ ವಿಚಾರಣೆಗಳನ್ನು ಎದುರಿಸಬೇಕಾಯಿತು.

ವಾದ ತೀರಿಸಿದ್ದು ಬೇರೊಂದು ಕೆಲಸಕ್ಕೆ ನಡೆದ ಸಮೀಕ್ಷೆ. 1976ರಿಂದ 1980ರವರೆಗೆ ಅಮೆರಿಕ ಸರ್ಕಾರ ತನ್ನ ಜನರ ಆರೋಗ್ಯ ಮತ್ತು ಪೋಷಣೆಯ ಸಮೀಕ್ಷೆ ನಡೆಸಿ, ಸುಮಾರು 10,000 ಜನರ ರಕ್ತದ ಸೀಸವನ್ನೂ ಅಳೆಯಿತು. ಹೊಸ ಕಾರುಗಳ ಹೊಗೆ ಶುದ್ಧಿಸುವ ಸಾಧನ ಸೀಸದಿಂದ ಕೆಡುತ್ತಿದ್ದ ಕಾರಣ ಅದೇ ವರ್ಷಗಳಲ್ಲಿ ಸೀಸದ ಪೆಟ್ರೋಲ್ ಬಳಕೆ ಇಳಿಯುತ್ತಿತ್ತು. ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನೋಡಿದರೆ ಎರಡೂ ಒಟ್ಟೊಟ್ಟಿಗೆ ಇಳಿದಿದ್ದವು. ನಾಲ್ಕು ವರ್ಷಗಳಲ್ಲಿ ರಕ್ತದ ಸರಾಸರಿ ಸೀಸ ಶೇಕಡಾ 37ರಷ್ಟು ಕಡಿಮೆಯಾಗಿತ್ತು. ಇದಾದ ಮೇಲೆ ಪೆಟ್ರೋಲಿನ ಸೀಸಕ್ಕೆ ಉಳಿಗಾಲವಿರಲಿಲ್ಲ. ಅಮೆರಿಕದ ರಸ್ತೆಗಳಲ್ಲಿ ಅದಕ್ಕೆ ಸಂಪೂರ್ಣ ನಿಷೇಧ ಬಂದದ್ದು 1996ರ ಜನವರಿಯಲ್ಲಿ. ಪ್ಯಾಟರ್ಸನ್ ತೀರಿಕೊಂಡದ್ದು ಅದರ ಹಿಂದಿನ ತಿಂಗಳು.

ನಮ್ಮ ದೇಶದ ಅಧ್ಯಾಯ ಬೆಂಗಳೂರಿನಲ್ಲಿ ಬರೆದದ್ದು. 1990ರ ದಶಕದ ಕೊನೆಯಲ್ಲಿ ಅಬ್ರಹಾಂ ಜಾರ್ಜ್ ಅವರ ಜಾರ್ಜ್ ಫೌಂಡೇಷನ್ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು, 2000ದಲ್ಲಿ ದೇಶದ ಬಂಕುಗಳಿಂದ ಸೀಸದ ಪೆಟ್ರೋಲ್ ಹೋಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಆ ಮೇಲೂ ಬಣ್ಣ, ಬ್ಯಾಟರಿಗಳ ಸೀಸದ ಬೆನ್ನು ಬಿಡಲಿಲ್ಲ. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2016ರಲ್ಲಿ ಹೊರಬಿತ್ತು.

ಕೀಹೋ ಹೇಳಿದ 80ರಿಂದ ಅಮೆರಿಕದ ಎಚ್ಚರಿಕೆಯ ಮಟ್ಟ ಈಗ ಮಕ್ಕಳಲ್ಲಿ 3.5ಕ್ಕೆ ಇಳಿದಿದೆ. ಇಷ್ಟು ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳೆಯ ಬ್ಯಾಟರಿ ಕರಗಿಸುವ ಶೆಡ್ಡುಗಳ ಪಕ್ಕದಲ್ಲಿ ನಮ್ಮ ಮಕ್ಕಳು ಇಂದಿಗೂ ಆಡುತ್ತಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಹೀನತೆ ನೋಡಲೆಂದು ಮನೆಮನೆಗೆ ಹೋಗಿ ಮಕ್ಕಳ ಬೆರಳಿನಿಂದ ಹನಿ ರಕ್ತ ತೆಗೆದರು. ಮುಂದಿನ ಸಮೀಕ್ಷೆಗಳಲ್ಲಿ ಮಕ್ಕಳ ರಕ್ತದ ಸೀಸವನ್ನೂ ಅಳೆಯಬೇಕೆಂದು ನಾವು ಕೇಳಬೇಕು. ಹಾಗೆ ಅಳೆಯುವ ದಿನ, ಚುಚ್ಚುವ ಮೊದಲು ಮಗುವಿನ ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆಯಬೇಕು. ಬೆರಳ ಮೇಲಿನ ಧೂಳಿನ ಸೀಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ.